ಬೊಜ್ಜಿನ ಆಳ, ಬೆನ್ನಿನ ಗಾಯ

1520ರ ಸುಮಾರಿಗೆ ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಅರಸ ಮಧ್ಯಮ ಎತ್ತರದವನು, ತಿಳಿ ಮೈಬಣ್ಣದವನು, ಮುಖದ ಮೇಲೆ ಸಿಡುಬಿನ ಕಲೆಗಳಿದ್ದವು. ಮೈಕಟ್ಟು ತೆಳುವೆನ್ನುವುದಕ್ಕಿಂತ ತುಸು ದಪ್ಪವೇ ಎನ್ನಬೇಕು. ಈ ಅರಸ ಬೆಳಗಾಗುವ ಮುನ್ನವೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ತಿಕ್ಕಿಸಿಕೊಂಡು, ಮಣ್ಣಿನ ಭಾರಗಳನ್ನೆತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ತಿರುಗಿಸುತ್ತಿದ್ದನಂತೆ. ಆಮೇಲೆ ಕುಸ್ತಿ, ಅದರ ಮೇಲೆ ಕುದುರೆ ಸವಾರಿ. ಅಂಥ ದಪ್ಪಕ್ಕೆ ಯಾವ ವೈದ್ಯನೂ ಹೆದರಬೇಕಿಲ್ಲ.

ಇಂದಿನ ದಪ್ಪದ ಕತೆ ಬೇರೆ. ಅದಿರು ಲಾರಿಯ ಸೀಟಿನಲ್ಲಿ ದಿನವಿಡೀ ಕೂತವರಿಗೆ, ಕಂಪ್ಲಿಯ ಗದ್ದೆ ಬಿಟ್ಟು ಅಂಗಡಿಯ ಗಲ್ಲೆಗೆ ಬಂದವರಿಗೆ, ಹೊಸಪೇಟೆಯ ಕಚೇರಿಗಳಲ್ಲಿ ಕುರ್ಚಿಗೆ ಅಂಟಿಕೊಂಡವರಿಗೆ ನಲವತ್ತು ದಾಟುವಷ್ಟರಲ್ಲಿ ಸೊಂಟದ ಸುತ್ತ ಕೊಬ್ಬು ಕೂಡುತ್ತದೆ, ಸೊಂಟ ನೋಯತೊಡಗುತ್ತದೆ. ಬಹುತೇಕ ಬೆನ್ನುನೋವಿಗೆ ಶಸ್ತ್ರಕ್ರಿಯೆಯ ಅಗತ್ಯವೇ ಬೀಳುವುದಿಲ್ಲ. ಆದರೆ ಡಿಸ್ಕ್ ಜಾರಿ ನರ ಒತ್ತಿ ಕಾಲು ಬಲ ಕಳೆದುಕೊಂಡಾಗ, ಮೂಳೆ ಮುರಿದಾಗ ಅಥವಾ ಸರಿದಾಗ ಬಳ್ಳಾರಿಗೋ ಹುಬ್ಬಳ್ಳಿಗೋ ಬೆಂಗಳೂರಿಗೋ ಹೊರಡಲೇಬೇಕಾಗುತ್ತದೆ. ಮನೆಯವರು ಸಾಲ ಸೋಲ ಮಾಡಿ, ದೇವರಿಗೆ ಹರಕೆ ಹೊತ್ತು, ಶಸ್ತ್ರಕ್ರಿಯೆ ಮುಗಿಯಿತಲ್ಲ ಎಂದು ನಿಟ್ಟುಸಿರು ಬಿಡುವ ಹೊತ್ತಿಗೆ, ಎರಡನೇ ವಾರದಲ್ಲಿ ಹೊಲಿಗೆಯ ನಡುವಿನಿಂದ ಕೀವು ಜಿನುಗಿದರೆ ಏನಾಗುತ್ತದೆ? ಮತ್ತೆ ಆಸ್ಪತ್ರೆ, ಮತ್ತೆ ಅರಿವಳಿಕೆ, ವಾರಗಟ್ಟಲೆ ಇಂಜೆಕ್ಷನ್. ಮೊದಲ ಸಲ ಖರ್ಚಾದದ್ದಕ್ಕಿಂತ ಎರಡನೆಯದೇ ಹೆಚ್ಚಾಗುವುದುಂಟು.

ಬೆನ್ನುಮೂಳೆಯ ಶಸ್ತ್ರಕ್ರಿಯೆಗಳಲ್ಲಿ ಒಟ್ಟಾರೆ ನೂರಕ್ಕೆ ಒಂದರಿಂದ ನಾಲ್ವರಿಗೆ ಸೋಂಕು ತಗಲುತ್ತದೆ ಎಂಬುದು ಸಾಮಾನ್ಯ ಅಂದಾಜು. ಸ್ಥೂಲಕಾಯದವರಲ್ಲಿ ಈ ಅಪಾಯ ಸುಮಾರು ಎರಡು ಪಟ್ಟು. ಯಾಕೆ ಎಂಬ ಪ್ರಶ್ನೆಗೆ ಉತ್ತರ ಕೊಬ್ಬಿನ ಸ್ವಭಾವದಲ್ಲೇ ಇದೆ. ಸ್ನಾಯುವಿನಲ್ಲಿ ರಕ್ತನಾಳಗಳ ದಟ್ಟ ಜಾಲವಿರುತ್ತದೆ; ಕೊಬ್ಬಿನಲ್ಲಿ ಅದು ವಿರಳ. ರಕ್ತ ಕಡಿಮೆಯೆಂದರೆ ಆಮ್ಲಜನಕವೂ ಕಡಿಮೆ, ರೋಗಾಣುಗಳನ್ನು ತಿಂದು ಹಾಕುವ ಬಿಳಿ ರಕ್ತಕಣಗಳೂ ಕಡಿಮೆ, ನರಕ್ಕೆ ಕೊಟ್ಟ ಔಷಧ ಅಲ್ಲಿಗೆ ತಲುಪುವುದೂ ಕಡಿಮೆ. ತೆಳ್ಳಗಿನವರಲ್ಲಿ ಚರ್ಮದಿಂದ ಮೂಳೆಗೆ ಹೋಗುವ ದಾರಿ ಚಿಕ್ಕದು. ದಪ್ಪಗಿನವರಲ್ಲಿ ಅದು ಬಾವಿ ತೋಡಿದಂತೆ. ಗಾಯ ಅಗಲವಾಗಬೇಕು, ಅಂಚುಗಳನ್ನು ಉಕ್ಕಿನ ಕೊಕ್ಕೆಗಳಿಂದ ಗಂಟೆಗಟ್ಟಲೆ ಅಗಲಿಸಿ ಹಿಡಿಯಬೇಕು; ಆ ಒತ್ತಡಕ್ಕೆ ಸಿಕ್ಕ ಕೊಬ್ಬು ಅಲ್ಲಲ್ಲಿ ಸಾಯುತ್ತದೆ. ಹೊಲಿಗೆ ಹಾಕಿದ ಮೇಲೂ ಒಳಗೆ ಪೊಳ್ಳು ಉಳಿದು ರಕ್ತ, ನೀರು ನಿಲ್ಲುತ್ತದೆ. ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟುವಂತೆ ಇಲ್ಲಿ ರೋಗಾಣು ಬೆಳೆಯುತ್ತದೆ.

ಇದರ ಜೊತೆಗೆ ಮೂಳೆಯನ್ನು ಹಿಡಿದಿಡಲು ಸ್ಕ್ರೂ, ಸರಳು ಹಾಕಿದ್ದರೆ ಚಿಂತೆ ಇನ್ನೂ ದೊಡ್ಡದು. ಲೋಹದ ಮೇಲೆ ರೋಗಾಣುಗಳು ಪಾಚಿಯಂಥ ಒಂದು ಪೊರೆ ಕಟ್ಟಿಕೊಂಡು ಕೂತರೆ ಔಷಧಕ್ಕೆ ಸುಲಭವಾಗಿ ಜಗ್ಗುವುದಿಲ್ಲ.

ತೂಕದ ಯಂತ್ರ ಇಲ್ಲಿ ಪೂರ್ತಿ ಸತ್ಯ ಹೇಳುವುದಿಲ್ಲ ಎಂಬುದು ಸ್ವಾರಸ್ಯದ ಸಂಗತಿ. 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ, ಕೆಳಬೆನ್ನಿನ ಶಸ್ತ್ರಕ್ರಿಯೆಯಲ್ಲಿ ಒಟ್ಟು ತೂಕಕ್ಕಿಂತ ಕತ್ತರಿಸುವ ಜಾಗದಲ್ಲಿರುವ ಕೊಬ್ಬಿನ ಪದರದ ದಪ್ಪವೇ ಸೋಂಕಿಗೆ ಹೆಚ್ಚು ಹತ್ತಿರದ ಸೂಚನೆ ಎಂದು ತೋರಿಸಿತು. ನಮ್ಮವರಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಕೈಕಾಲು ಸಣಕಲಾಗಿದ್ದು ನಡುವಿನಲ್ಲಿ ಮಾತ್ರ ಕೊಬ್ಬು ಹೊತ್ತ ದೇಹ ಭಾರತೀಯರಲ್ಲಿ ಸಾಮಾನ್ಯ. ಆದ್ದರಿಂದಲೇ ಇಲ್ಲಿನ ವೈದ್ಯರು ಬೊಜ್ಜಿನ ಗೆರೆಯನ್ನು ಪಾಶ್ಚಾತ್ಯರ 30ರ ಬದಲು 25ರ ದೇಹತೂಕ ಸೂಚ್ಯಂಕಕ್ಕೇ ಎಳೆಯುತ್ತಾರೆ. ಹೇಗೂ ಎಂ.ಆರ್.ಐ. ತೆಗೆಸಿರುತ್ತಾರೆ, ಬೆನ್ನಿನ ಕೊಬ್ಬು ಎಷ್ಟು ಆಳವೆಂಬುದು ಅದರಲ್ಲೇ ಕಾಣುತ್ತದೆ.

ನಮ್ಮ ಪ್ರಾಚೀನರು ಈ ಎರಡೂ ವಿಷಯಗಳನ್ನು ಬಿಡಿಬಿಡಿಯಾಗಿ ಗಮನಿಸಿದ್ದರು. ಅತಿಕೃಶ, ಅತಿಸ್ಥೂಲ ಇಬ್ಬರಲ್ಲಿ ಸ್ಥೂಲನ ಚಿಕಿತ್ಸೆಯೇ ಹೆಚ್ಚು ಕಷ್ಟ ಎನ್ನುತ್ತದೆ ಚರಕಸಂಹಿತೆ. ಗಾಯಾಳುವಿನ ಕೋಣೆ, ಹಾಸಿಗೆ ಹೇಗಿರಬೇಕು, ಅವನು ಉಗುರು ಕೂದಲು ಕತ್ತರಿಸಿಕೊಂಡು ಬಿಳಿಯ ಶುಭ್ರ ಬಟ್ಟೆ ಉಟ್ಟಿರಬೇಕು, ಗುಗ್ಗುಳ, ಬೇವಿನೆಲೆ, ಸಾಸಿವೆಗಳ ಹೊಗೆ ಹಾಕಬೇಕು ಎಂದೆಲ್ಲ ಸುಶ್ರುತ ವಿಧಿಸುತ್ತಾನೆ. ರೋಗಾಣುವಿನ ಕಲ್ಪನೆ ಅವನಿಗಿರಲಿಲ್ಲ. ಇತ್ತು ಎಂದು ಹಟ ಹಿಡಿಯುವವರ ಜೊತೆ ನನಗೆ ಜಗಳವಿಲ್ಲ, ಒಪ್ಪಿಗೆಯೂ ಇಲ್ಲ. ಆ ಕಲ್ಪನೆ ಶಸ್ತ್ರವೈದ್ಯದೊಳಕ್ಕೆ ಬಂದದ್ದು 1867ರಲ್ಲಿ, ಜೋಸೆಫ್ ಲಿಸ್ಟರ್ ಗಾಯಕ್ಕೆ ಕಾರ್ಬಾಲಿಕ್ ಆಮ್ಲ ಬಳಸಿ ಬರೆದಾಗ.

ಅಷ್ಟೇ ಮುಖ್ಯವಾದ ಇನ್ನೊಂದು ವರ್ಷ 1961. ಬಳ್ಳಾರಿಯ ವೈದ್ಯಕೀಯ ಕಾಲೇಜು ಬಾಗಿಲು ತೆರೆದದ್ದೂ ಅದೇ ವರ್ಷ. ಅಮೆರಿಕದ ಜಾನ್ ಬರ್ಕ್ ಎಂಬ ಶಸ್ತ್ರವೈದ್ಯ ಗಿನಿ ಹಂದಿಗಳ ಚರ್ಮಕ್ಕೆ ರೋಗಾಣು ಚುಚ್ಚಿ, ಬೇರೆ ಬೇರೆ ಹೊತ್ತಿನಲ್ಲಿ ಔಷಧ ಕೊಟ್ಟು ನೋಡಿದ. ರೋಗಾಣು ಬರುವ ಮೊದಲೇ ಔಷಧ ಅಲ್ಲಿದ್ದರೆ ಪೂರ್ತಿ ರಕ್ಷಣೆ. ಮೂರು ಗಂಟೆ ತಡವಾದರೆ ಕೊಟ್ಟೂ ಕೊಡದಂತೆ. ಇಂದಿನ ನಿಯಮ ಇದರಿಂದ ಹುಟ್ಟಿದ್ದು: ಚಾಕು ಇಡುವ ಮುಂಚಿನ ಒಂದು ಗಂಟೆಯೊಳಗೆ ಪ್ರತಿಜೀವಕ ರಕ್ತಕ್ಕೆ ಸೇರಿರಬೇಕು. ಹೆಚ್ಚಾಗಿ ಬಳಸುವ ಸೆಫಜೋಲಿನ್ ಸಾಮಾನ್ಯವಾಗಿ ಎರಡು ಗ್ರಾಂ. ರೋಗಿ 120 ಕಿಲೋ ಅಥವಾ ಮೇಲಿದ್ದರೆ ಮೂರು ಗ್ರಾಂ. ಶಸ್ತ್ರಕ್ರಿಯೆ ಉದ್ದವಾದರೆ ನಾಲ್ಕು ಗಂಟೆಗೊಮ್ಮೆ ಮತ್ತೆ. ಆದ್ದರಿಂದ ರೋಗಿಯ ತೂಕವನ್ನು ಕಣ್ಣಂದಾಜಿನಲ್ಲಿ ಬರೆಯದೆ ತೂಗಿಯೇ ಬರೆಯಬೇಕು. ಗಾಯ ಮುಚ್ಚಿದ ಮೇಲೆ ಹತ್ತು ದಿನ ಮಾತ್ರೆ ನುಂಗಿದರೆ ಇನ್ನೂ ಭದ್ರ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದಕ್ಕೆ ಆಧಾರವಿಲ್ಲ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿಯೂ ಬೇಡವೆಂದೇ ಹೇಳಿದೆ. ಗಾಯ ಮುಚ್ಚುವ ಮೊದಲು ವ್ಯಾಂಕೊಮೈಸಿನ್ ಪುಡಿ ಉದುರಿಸುವ ರೂಢಿ ಬೆನ್ನಿನ ತಜ್ಞರಲ್ಲಿ ಹರಡಿದೆಯಾದರೂ ಅದರ ಬಗ್ಗೆ ವಾದ ಮುಗಿದಿಲ್ಲ.

ರೋಗಿಯ ಕೈಯಲ್ಲಿರುವ ಕೆಲಸ ಶುರುವಾಗುವುದು ಊರಲ್ಲೇ, ವಾರಗಳ ಮೊದಲು. ಸಕ್ಕರೆ ಕಾಯಿಲೆ ಇದ್ದರೆ ಅದು ಹತೋಟಿಗೆ ಬರುವವರೆಗೆ, ತುರ್ತಿಲ್ಲದ ಶಸ್ತ್ರಕ್ರಿಯೆಯನ್ನು ಮುಂದೂಡುವುದು ಜಾಣತನ. ಸಕ್ಕರೆ ಏರಿದ ರಕ್ತದಲ್ಲಿ ಬಿಳಿ ಕಣಗಳು ಮಂಕಾಗುತ್ತವೆ. ಕಾಯಿಲೆ ಇದೆಯೋ ಇಲ್ಲವೋ ತಿಳಿಯದವರು ಪರೀಕ್ಷಿಸಿಕೊಳ್ಳಲಿ. ಬೀಡಿ ಸಿಗರೇಟನ್ನು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು, ಏಕೆಂದರೆ ಮೊದಲೇ ಬಡವಾದ ಕೊಬ್ಬಿನ ರಕ್ತನಾಳಗಳನ್ನು ಹೊಗೆ ಮತ್ತಷ್ಟು ಬಿಗಿಯುತ್ತದೆ. ತೂಕ ಇಳಿಸುವುದು ಒಳ್ಳೆಯದೇ. ಆದರೆ ದಿನ ಗೊತ್ತಾದ ಮೇಲೆ ಉಪವಾಸ ಬಿದ್ದು ಅವಸರದಲ್ಲಿ ಇಳಿಸುವುದು ಕೆಡುಕು. ಗಾಯ ಮಾಯಲು ಪ್ರೋಟೀನ್ ಬೇಕು, ದಪ್ಪಗಿರುವವರಲ್ಲೂ ಅದರ ಕೊರತೆ ಇರಬಹುದು. ಬೇಳೆ, ಕಾಳು, ಮೊಸರು, ಮೊಟ್ಟೆ ಬಿಡಬಾರದು.

ಹಿಂದಿನ ರಾತ್ರಿ ಸೋಪು ಹಚ್ಚಿ ಮೈಯೆಲ್ಲ, ಮುಖ್ಯವಾಗಿ ಚರ್ಮದ ಮಡಿಕೆಗಳನ್ನು, ತೊಳೆದು ಒರೆಸಿಕೊಳ್ಳಬೇಕು. ಬ್ಲೇಡಿನಿಂದ ಬೆನ್ನು ಬೋಳಿಸಿಕೊಂಡು ಹೋಗುವ ಅಭ್ಯಾಸವನ್ನು ಮಾತ್ರ ಕೈಬಿಡಿ. ಬ್ಲೇಡು ಮಾಡುವ ಕಣ್ಣಿಗೆ ಕಾಣದ ಗೀರುಗಳಲ್ಲಿ ರೋಗಾಣು ಮನೆ ಮಾಡುತ್ತದೆ. ಕೂದಲು ಅಡ್ಡಿಯಾದರೆ ಆಸ್ಪತ್ರೆಯವರು ಯಂತ್ರದಿಂದ ಕತ್ತರಿಸುತ್ತಾರೆ. ಸಾಧ್ಯವಿರುವ ಕಡೆ ಚಿಕ್ಕ ರಂಧ್ರದ ಮೂಲಕ ಮಾಡುವ ಶಸ್ತ್ರಕ್ರಿಯೆ ದಪ್ಪಗಿನವರಿಗೆ ಹೆಚ್ಚು ಲಾಭದಾಯಕ, ಏಕೆಂದರೆ ಕೊಬ್ಬನ್ನು ಅಗಲವಾಗಿ ಸೀಳುವ ಪ್ರಮೇಯವೇ ಬರುವುದಿಲ್ಲ. ಎಲ್ಲರಿಗೂ ಅದು ಸಲ್ಲದು. ಕೇಳುವುದಕ್ಕಂತೂ ಸಂಕೋಚ ಬೇಡ.

ಊರಿಗೆ ಮರಳಿದ ಮೇಲೆ ನಮ್ಮ ಸೀಮೆಯ ಬಿಸಿಲೂ ಧೂಳೂ ಎದುರಾಗುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಹೊಸಪೇಟೆಯಲ್ಲಿ ಬೆನ್ನ ಮೇಲೆ ಮಲಗಿದರೆ ಪಟ್ಟಿ ಬೆವರಿನಲ್ಲಿ ನೆನೆಯುತ್ತದೆ. ಸಂಡೂರಿನ ಅದಿರು ರಸ್ತೆಯ ಬದಿಯ ಮನೆಯಾದರೆ ಕೆಂಪು ಧೂಳು ಬೇರೆ. ಗಾಳಿಯಾಡುವ ಕೋಣೆ, ಹತ್ತಿಯ ಬಟ್ಟೆ, ಮಗ್ಗುಲು ಬದಲಿಸುವುದು ಬೇಕು. ನೆನೆದ ಪಟ್ಟಿಯನ್ನು ಕೈ ತೊಳೆದವರೇ ಬದಲಿಸಬೇಕು. ನೋಡಲು ಬಂದ ನೆಂಟರು ಗಾಯ ಮುಟ್ಟಿ ನೋಡುವುದು, ಅಜ್ಜಿಯರು ಅಕ್ಕರೆಯಿಂದ ಅರಿಶಿನ, ಕೊಬ್ಬರಿ ಎಣ್ಣೆ, ಭಂಡಾರ ಹಚ್ಚುವುದು ಬೇಡ. ಹೊಲಿಗೆ ಕೆಳಬೆನ್ನಿನಲ್ಲಿದ್ದರೆ ಶೌಚದ ನೀರು ಅಲ್ಲಿಗೆ ತಾಗದಂತೆ ನೋಡಿಕೊಳ್ಳಬೇಕು.

ಆಳದ ಸೋಂಕು ಕೊಬ್ಬಿನಡಿ ಅಡಗಿರುವುದರಿಂದ ಮೇಲೆ ಕೆಂಪಾಗದೆಯೂ, ಜ್ವರ ಬಾರದೆಯೂ ಇರಬಹುದು. ಇಳಿಯುತ್ತಿದ್ದ ನೋವು ಮತ್ತೆ ಏರುವುದು, ಒಣಗಿದ್ದ ಗಾಯ ಮತ್ತೆ ಒದ್ದೆಯಾಗುವುದು, ಇವೇ ಮೊದಲ ಸುಳಿವು. ಹೆಚ್ಚಾಗಿ ಎರಡರಿಂದ ನಾಲ್ಕು ವಾರದೊಳಗೆ ಕಾಣುತ್ತದೆ. ಆಗ ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್ ಹಾಕಿಸಿಕೊಂಡು ಕಾಯುವುದು, ಬೆಂಗಳೂರು ದೂರವೆಂದು ಮುಂದಿನ ತಪಾಸಣೆಯ ದಿನಕ್ಕೆ ತಳ್ಳುವುದು ಎರಡೂ ಅಪಾಯ. ಅರೆಬರೆ ಔಷಧ ರೋಗಾಣುವನ್ನು ಕೊಲ್ಲದೆ ಮರೆಮಾಡುತ್ತದೆ. ಅದು ಯಾವುದೆಂದು ಪ್ರಯೋಗಾಲಯದಲ್ಲಿ ಗುರುತಿಸುವುದೂ ಕಷ್ಟವಾಗುತ್ತದೆ. ಶಸ್ತ್ರಕ್ರಿಯೆ ಮಾಡಿದವರಿಗೆ ಅಂದೇ ಫೋನು ಮಾಡಿ, ಬಿಡುಗಡೆಯ ಚೀಟಿ ಹಿಡಿದು ಹೊರಡಬೇಕು. ಅಷ್ಟು ದೂರ ಆಗದಿದ್ದರೆ ಬಳ್ಳಾರಿಯ ದೊಡ್ಡಾಸ್ಪತ್ರೆಗಾದರೂ ಹೋಗಬೇಕು. ಬೇಗ ತೆರೆದು ತೊಳೆದರೆ ಎಷ್ಟೋ ಸಲ ಸ್ಕ್ರೂ, ಸರಳುಗಳನ್ನು ಇದ್ದಲ್ಲೇ ಉಳಿಸಿಕೊಳ್ಳಬಹುದು.