ಮಿದುಳಿನ ತರಂಗ ಮತ್ತು ನ್ಯಾಯಾಲಯದ ಸಾಕ್ಷ್ಯ

ಮುಂಬಯಿಯ ಕಲೀನಾ ಬಡಾವಣೆಯನ್ನು ಕನ್ನಡ ಸಂಶೋಧಕರು ಬಲ್ಲರು. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿರುವುದು ಅಲ್ಲಿಯೇ. ಅದೇ ಬಡಾವಣೆಯಲ್ಲಿರುವ ಮಹಾರಾಷ್ಟ್ರ ಸರ್ಕಾರದ ವಿಧಿವಿಜ್ಞಾನ ಪ್ರಯೋಗಾಲಯವು ಮಿದುಳಿನ ತರಂಗಗಳ ಪರೀಕ್ಷೆಯೊಂದರಿಂದ ಲೋಕದ ಗಮನ ಸೆಳೆದ ಪ್ರಸಂಗವನ್ನು ಇಲ್ಲಿ ಪರಿಶೀಲಿಸಲಾಗಿದೆ. ವಿಧಾನದ ಮೂಲವಾದರೋ ಬೆಂಗಳೂರಿನದು. ನಿಮ್ಹಾನ್ಸ್ ಸಂಸ್ಥೆಯಲ್ಲಿ ಚಿಕಿತ್ಸಾ ಮನೋವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದ ಸಿ. ಆರ್. ಮುಕುಂದನ್ ಅವರು ಇದನ್ನು ರೂಪಿಸಿದರು.

ಹಳೆಯ ಸುಳ್ಳುಪತ್ತೆ ಯಂತ್ರವು ನಾಡಿ, ಉಸಿರು, ಬೆವರುಗಳ ಏರಿಳಿತವನ್ನು ಅಳೆಯುತ್ತದೆ. ಅಂದರೆ ಅದು ಹಿಡಿಯುವುದು ಅಳುಕನ್ನು. ತರಂಗ ಪರೀಕ್ಷೆಯು ಹಿಡಿಯಲೆಳಸುವುದು ನೆನಪನ್ನು. ಮಹತ್ತ್ವದ ಸಂಗತಿಯೊಂದು ಎದುರಾದ ಸುಮಾರು 300 ಮಿಲಿಸೆಕೆಂಡುಗಳ ಬಳಿಕ ಮಿದುಳಿನಲ್ಲಿ ಒಂದು ವಿದ್ಯುತ್ ಅಲೆ ಮೇಲೇಳುವುದೆಂಬುದು 1965ರಿಂದಲೇ ತಿಳಿದಿದೆ. ಅಮೆರಿಕದ ಲಾರೆನ್ಸ್ ಫಾರ್ವೆಲ್ ಇದರ ಆಧಾರದ ಮೇಲೆ 'ಮಿದುಳಿನ ಬೆರಳಚ್ಚು' ಎಂಬ ವಿಧಾನವನ್ನು ಪ್ರಚಾರಕ್ಕೆ ತಂದರು. ಮುಕುಂದನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಕೇಳಿ ತಿಳಿದುದಕ್ಕೂ ತಾನೇ ಮಾಡಿ ಅನುಭವಿಸಿದುದಕ್ಕೂ ಇರುವ ಅಂತರವನ್ನು ತಮ್ಮ ವಿಧಾನವು ಗುರುತಿಸುವುದೆಂದರು. ಶಂಕಿತನ ತಲೆಗೆ ಎಲೆಕ್ಟ್ರೋಡುಗಳ ಟೊಪ್ಪಿಗೆ ತೊಡಿಸಿ, ಕಣ್ಣು ಮುಚ್ಚಿಸಿ, ಉತ್ತಮ ಪುರುಷದ ವಾಕ್ಯಗಳನ್ನು ಕೇಳಿಸುತ್ತಾರೆ. ಅವನು ಬಾಯಿ ತೆರೆಯಬೇಕಿಲ್ಲ.

ಭಾಷಾಧ್ಯಯನಕಾರರು ತಡೆದು ನಿಲ್ಲಬೇಕಾದುದು ಇಲ್ಲಿಯೇ. 'ವಿಷ ಬೆರೆಸಿದೆ' ಎಂಬ ಕನ್ನಡ ವಾಕ್ಯವನ್ನು ಸರ್ವನಾಮವಿಲ್ಲದೆ ನುಡಿದರೆ ಕರ್ತೃ 'ನಾನು' ಆಗಬಹುದು, 'ನೀನು' ಆಗಬಹುದು. ಪರೀಕ್ಷಕನು ತಪ್ಪೊಪ್ಪಿಗೆಯೆಂದು ಬರೆದುದು ಕೇಳುವವನಿಗೆ ಆರೋಪವಾಗಿ ಕೇಳಿಸೀತು. ಸರ್ವನಾಮ ಸೇರಿಸಿದರೆ ಈ ತೊಡಕು ನೀಗುತ್ತದೆ, ನಿಜ. ಆದರೆ ಪೊಲೀಸರ ವಿಚಾರಣೆಯಲ್ಲಿ ದಿನಗಟ್ಟಲೆ ಅವೇ ವಿವರಗಳನ್ನು ಕೇಳಿ, ಮನಸ್ಸಿನಲ್ಲಿ ಚಿತ್ರಿಸಿಕೊಂಡ ನಿರಪರಾಧಿಯ ತರಂಗ ಹೇಗಿದ್ದೀತು? ಈ ಪ್ರಶ್ನೆ ಸರ್ವನಾಮದಿಂದ ನೀಗುವಂತಹುದಲ್ಲ.

2008ರ ಜೂನ್‌ನಲ್ಲಿ ಪುಣೆಯ ಸೆಷನ್ಸ್ ನ್ಯಾಯಾಲಯವು ವಿಷಪ್ರಾಶನದ ಕೊಲೆಯೊಂದರಲ್ಲಿ ಇತರ ಸಾಕ್ಷ್ಯಗಳೊಡನೆ ಮುಂಬಯಿಯ ಈ ಪರೀಕ್ಷೆಯನ್ನೂ ನೆಚ್ಚಿ ಯುವತಿ ಹಾಗೂ ಯುವಕನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ಸಮಿತಿಯು ವಿಧಾನಕ್ಕೆ ವೈಜ್ಞಾನಿಕ ಆಧಾರ ಸಾಲದೆಂದಿತು. ವಿಧಾನ ಹುಟ್ಟಿದ ಊರಿನಿಂದಲೇ ಬಂದ ತೀರ್ಪು ಇದು. ಶಿಕ್ಷಿತರಿಗೆ ಅನಂತರ ಬೊಂಬಾಯಿ ಉಚ್ಚ ನ್ಯಾಯಾಲಯದಿಂದ ಜಾಮೀನು ದೊರೆಯಿತು.

2010ರ ಮೇ 5ರಂದು 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮಂಪರು ಪರೀಕ್ಷೆ, ಸುಳ್ಳುಪತ್ತೆ, ತರಂಗ ಪರೀಕ್ಷೆ ಮೂರನ್ನೂ ಬಲವಂತವಾಗಿ ನಡೆಸಕೂಡದೆಂದು ವಿಧಿಸಿತು. ಬಾಯಿ ತೆರೆಯದವನ ತರಂಗವೂ ಸಂವಿಧಾನದ 20(3)ನೆಯ ವಿಧಿಯ ದೃಷ್ಟಿಯಲ್ಲಿ ಅವನ ಹೇಳಿಕೆಯೇ. ಒಪ್ಪಿಗೆಯಿಂದ ನಡೆದ ಪರೀಕ್ಷೆಯ ಫಲಿತಾಂಶವೂ ತಾನೇ ಸಾಕ್ಷ್ಯವಾಗದು. ಅದರ ನೆರವಿನಿಂದ ಮುಂದೆ ಪತ್ತೆಯಾದ ವಸ್ತುವನ್ನೋ ಮಾಹಿತಿಯನ್ನೋ ಮಾತ್ರ ಪರಿಗಣಿಸಬಹುದು.