ಹೆಸರಿಲ್ಲದ ಕಥೆಗಾರನ ಬೆನ್ನುಹತ್ತಿದ ಪಟಾನ್‌ಚೆರು ಕನ್ನಡಿಗ

ಪಟಾನ್‌ಚೆರು ಎಂದೊಡನೆ ನೆನಪಾಗುವುದು ಕಾರ್ಖಾನೆಗಳ ಸಾಲು, 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಬೆಳೆ ಸಂಶೋಧನಾ ಸಂಸ್ಥೆ ಹಾಗೂ ಜಹೀರಾಬಾದ್ ಮಾರ್ಗವಾಗಿ ಬೀದರ್‌ಗೆ ಸಾಗುವ ಬಸ್ಸುಗಳು. ಅದೇ ರಸ್ತೆಯಲ್ಲಿ ದಶಕಗಳ ಹಿಂದೆ ಕೆಲಸ ಹುಡುಕಿಕೊಂಡು ಬಂದು ಇಲ್ಲಿಯೇ ನೆಲೆ ನಿಂತ ಕನ್ನಡ ಕುಟುಂಬಗಳು ಸಾಕಷ್ಟಿವೆ. ಅಂಥದೊಂದು ಮನೆಯಲ್ಲಿ, ಬಟ್ಟೆ ಇಡಬೇಕಾದ ಕಬ್ಬಿಣದ ಅಲಮಾರಿನ ತುಂಬ ಹಳೆಯ ‘ಚಂದಮಾಮ’ಗಳಿವೆ.

ಮನೆಯ ಯಜಮಾನರು ಬೀದರ್ ಜಿಲ್ಲೆಯವರು. ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾಗಿದ್ದಾರೆ. ಪತ್ರಿಕೆಯಲ್ಲಿ ತಮ್ಮ ಹೆಸರು ಬರುವುದು ಬೇಡ ಎಂಬುದು ಅವರ ಕೋರಿಕೆ. ತಾವು ಮೆಚ್ಚಿದ ಲೇಖಕರ ಹೆಸರೇ ಅಷ್ಟು ವರ್ಷ ಅಚ್ಚಾಗಲಿಲ್ಲ, ಇನ್ನು ಓದುಗನ ಹೆಸರೇಕೆ ಎಂದು ನಗುತ್ತಾರೆ.

ಅವರು ಹೇಳುವ ಆ ಲೇಖಕರು ದಾಸರಿ ಸುಬ್ರಹ್ಮಣ್ಯಂ. ಈ ಹೆಸರು ಕನ್ನಡಿಗರಲ್ಲಿ ಹೆಚ್ಚಿನವರಿಗೆ ಅಪರಿಚಿತ. ಆದರೆ ಮಾಂತ್ರಿಕರು, ಪಾಳುಬಿದ್ದ ದೇಗುಲಗಳು, ವಿಚಿತ್ರ ಪ್ರಾಣಿಗಳು, ಕಾಡಿನೊಳಗಿನ ದುರ್ಗಗಳಿಂದ ತುಂಬಿದ ‘ಚಂದಮಾಮ’ದ ಬಣ್ಣದ ಚಿತ್ರಗಳ ಧಾರಾವಾಹಿಗಳನ್ನು ಬಾಲ್ಯದಲ್ಲಿ ಓದಿದವರು ನಮ್ಮ ಸಂಘಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಮುಂದಿನ ಸಂಚಿಕೆಗಾಗಿ ತಿಂಗಳಿಡೀ ಕಾಯುವಂತೆ ಮಾಡುತ್ತಿದ್ದ ಆ ಧಾರಾವಾಹಿಗಳ ಕೆಳಗೆ ಬರೆದವರ ಹೆಸರಿರುತ್ತಿರಲಿಲ್ಲ.

‘ಚಂದಮಾಮ’ವನ್ನು ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಮದರಾಸಿನಲ್ಲಿ ಆರಂಭಿಸಿದ್ದು 1947ರ ಜುಲೈನಲ್ಲಿ. ಮೊದಲು ಬಂದದ್ದು ತೆಲುಗು ಮತ್ತು ತಮಿಳು ಆವೃತ್ತಿಗಳು. 1949ರ ಜುಲೈನಲ್ಲಿ ಕನ್ನಡ ಆವೃತ್ತಿ ಹೊರಬಂತು. ಬರಹ ತೆಲುಗಿನಲ್ಲಿ ಸಿದ್ಧವಾಗುತ್ತಿತ್ತು, ಬಳಿಕ ಇತರ ಭಾಷೆಗಳಿಗೆ ಅನುವಾದವಾಗುತ್ತಿತ್ತು. ಚಿತ್ರಗಳು ಮಾತ್ರ ಎಲ್ಲ ಭಾಷೆಗಳಿಗೂ ಒಂದೇ. ಹೀಗಾಗಿ ಬೀದರಿನ ಹುಡುಗನೂ ತೆನಾಲಿಯ ಹುಡುಗನೂ ನೋಡುತ್ತಿದ್ದುದು ಒಂದೇ ಮಾಂತ್ರಿಕನ ಮುಖವನ್ನು.

1932ರಲ್ಲಿ ಜನಿಸಿದ ಸುಬ್ರಹ್ಮಣ್ಯಂ 1952ರಲ್ಲಿ ‘ಚಂದಮಾಮ’ದ ಸಂಪಾದಕ ಬಳಗ ಸೇರಿದರು. ಅವರ ಮೊದಲ ಧಾರಾವಾಹಿ ‘ತೋಕಚುಕ್ಕ’, ಅಂದರೆ ಧೂಮಕೇತು, 1954ರಲ್ಲಿ ಶುರುವಾಯಿತು. ಅಲ್ಲಿಂದ 1978ರವರೆಗೆ ಅವರು ಬರೆದದ್ದು ಒಟ್ಟು ಹನ್ನೆರಡು ಧಾರಾವಾಹಿಗಳು. ಮೂವರು ಮಾಂತ್ರಿಕರ ನಡುವೆ ಸಿಕ್ಕಿಕೊಂಡ ಪಿಂಗಳ, ‘ಮಾಯಾ ಸರೋವರ’ದ ಜಯಶೀಲ ಮತ್ತು ಸಿದ್ಧಸಾಧಕ ಇವರೆಲ್ಲ ಅವರ ಲೇಖನಿಯಿಂದ ಬಂದವರು. ಈ ಲೋಕಕ್ಕೆ ರೂಪ ಕೊಟ್ಟವರು ‘ಚಿತ್ರಾ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಕಲಾವಿದ ಟಿ. ವೀರರಾಘವನ್. ಅವರು 1978ರಲ್ಲಿ ನಿಧನರಾದರು. ಬೇತಾಳವನ್ನು ಹೆಗಲ ಮೇಲೆ ಹೊತ್ತ ವಿಕ್ರಮನ ಚಿತ್ರ ಬರೆದವರು ಇನ್ನೊಬ್ಬ ಕಲಾವಿದ ಶಂಕರ್. ಅವರು 2020ರಲ್ಲಿ ತೀರಿಕೊಂಡರು.

ನಮ್ಮ ಪಟಾನ್‌ಚೆರುವಿನ ಓದುಗರಿಗೆ ಈ ಯಾವ ಹೆಸರೂ ತಿಳಿದಿರಲಿಲ್ಲ. ಊರಿನ ಮನೆಯಲ್ಲಿ ಅವರ ತಂದೆ ವರ್ಷದ ಸಂಚಿಕೆಗಳನ್ನು ದಾರದಿಂದ ಹೊಲಿದು ಇಡುತ್ತಿದ್ದರು. ಮದುವೆಯಾಗಿ ಇಲ್ಲಿ ಸಂಸಾರ ಹೂಡಿದ ಮೇಲೆ ಊರಿಗೆ ಹೋದಾಗ ನೋಡಿದರೆ ಅರ್ಧದಷ್ಟನ್ನು ಗೆದ್ದಲು ತಿಂದಿತ್ತು, ಉಳಿದದ್ದರಲ್ಲಿ ಕೆಲವು ರದ್ದಿಗೆ ಹೋಗಿದ್ದವು. ಕೈಗೆ ಸಿಕ್ಕಷ್ಟನ್ನು ಚೀಲದಲ್ಲಿ ತುಂಬಿಕೊಂಡು ಬಸ್ಸು ಹತ್ತಿದರು. ಸಂಗ್ರಹ ಆರಂಭವಾದದ್ದು ಹಾಗೆ.

ಬಳಿಕ ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಭಾನುವಾರ ಸೇರುವ ಹಳೆಯ ಪುಸ್ತಕಗಳ ಸಂತೆ ಅವರ ವಾರದ ಯಾತ್ರೆಯಾಯಿತು. ಅಲ್ಲಿ ತೆಲುಗು ಸಂಚಿಕೆಗಳು ಆಗಾಗ ಸಿಗುತ್ತಿದ್ದವು, ಕನ್ನಡದವು ಅಪರೂಪ. ಬೆಂಗಳೂರಿಗೆ ಹೋದರೆ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಿಗೆ ಭೇಟಿ ತಪ್ಪದು. ಮನೆಯವರು ರೇಷ್ಮೆ ಸೀರೆ ನೋಡಲು ಹೋದರೆ ಇವರು ಧೂಳು ಕೊಡವುತ್ತ ಕುಳಿತಿರುತ್ತಾರೆ ಎಂಬುದು ಬಂಧುಗಳ ತಮಾಷೆ.

ಹೊಸದಾಗಿ ಸಂಗ್ರಹಕ್ಕೆ ತೊಡಗುವವರಿಗೆ ಅವರು ಹೇಳುವ ಕಿವಿಮಾತುಗಳಿವೆ. ಬೈಂಡ್ ಮಾಡಿದ ಸಂಪುಟ ಎಂದು ಹಿಗ್ಗಬಾರದು. ಬೈಂಡ್ ಮಾಡುವವರು ಅನೇಕ ಬಾರಿ ಮುಖಪುಟ ಕಿತ್ತು ಎಸೆದಿರುತ್ತಾರೆ, ಆಗ ಅದು ಯಾವ ತಿಂಗಳಿನದು ಎಂಬುದೇ ತಿಳಿಯದೆ ಹೋಗುತ್ತದೆ. ಧಾರಾವಾಹಿಯ ಪುಟಗಳನ್ನು ಮಾತ್ರ ಯಾರೋ ಮೊದಲೇ ಹರಿದುಕೊಂಡಿರುವುದೂ ಉಂಟು, ಆದ್ದರಿಂದ ಪುಟಸಂಖ್ಯೆ ಎಣಿಸಿಯೇ ಹಣ ಕೊಡಬೇಕು. ಹರಿದ ಹಾಳೆಗೆ ಅಂಟುಟೇಪು ಹಚ್ಚಿದರೆ ಕೆಲವೇ ವರ್ಷಗಳಲ್ಲಿ ಹಳದಿ ಕಲೆ ಉಳಿಯುತ್ತದೆ. ಗೋಡೆಗೆ ತಾಗಿಸಿ ಇಡಬಾರದು, ಮಳೆಗಾಲ ಮುಗಿದ ಮೇಲೆ ನೆರಳಿನಲ್ಲಿ ಗಾಳಿಗೆ ಹರಡಬೇಕು.

ಲೇಖಕರ ಹೆಸರು ಅವರಿಗೆ ಗೊತ್ತಾದದ್ದು ತೆಲುಗಿನ ಮೂಲಕವೇ. ಸುಬ್ರಹ್ಮಣ್ಯಂ 2006ರವರೆಗೂ ‘ಚಂದಮಾಮ’ದಲ್ಲಿ ದುಡಿದು, 2010ರ ಜನವರಿಯಲ್ಲಿ ವಿಜಯವಾಡದಲ್ಲಿ ನಿಧನರಾದರು. ತೆಲುಗಿನ ಅಭಿಮಾನಿಗಳು ಅವರ ಬಗ್ಗೆ ಬರೆದರು, ಧಾರಾವಾಹಿಗಳನ್ನು ಪುಸ್ತಕ ರೂಪದಲ್ಲಿಯೂ ಹೊರತಂದರು. ಅಂಥದೊಂದು ಪುಸ್ತಕದ ಮುಖಪುಟದ ಮೇಲೆ, ಬಾಲ್ಯದಲ್ಲಿ ಕಂಡ ಅದೇ ಚಿತ್ರದ ಪಕ್ಕದಲ್ಲಿ, ಮನುಷ್ಯರೊಬ್ಬರ ಹೆಸರು ಕಂಡಾಗ ಅಂಗಡಿಯಲ್ಲೇ ನಿಂತುಬಿಟ್ಟರಂತೆ. ಕನ್ನಡದ್ದೇ ಕಥೆ ಎಂದು ಅಷ್ಟು ಕಾಲ ನಂಬಿದ್ದು ಅನುವಾದ ಎಂದು ತಿಳಿದು ಕ್ಷಣಕಾಲ ಪಿಚ್ಚೆನಿಸಿತು. ಆಮೇಲೆ, ಆ ಕಥೆಗಳನ್ನು ಅಷ್ಟು ಸಹಜ ಕನ್ನಡಕ್ಕೆ ತಂದವರೂ ಹೆಸರಿಲ್ಲದೆಯೇ ಉಳಿದರಲ್ಲ ಎಂಬ ಯೋಚನೆ ಬಂತು. ಆ ಋಣವನ್ನೂ ಅವರು ಮರೆಯುವುದಿಲ್ಲ.

ಇಂದು ಅವರ ಅಲಮಾರಿನಲ್ಲಿ ಎರಡು ಸಾಲುಗಳಿವೆ. ಮೇಲಿನ ಸಾಲಿನಲ್ಲಿ ಹೊಸ ತೆಲುಗು ಪುಸ್ತಕಗಳು, ಗಟ್ಟಿ ಕಾಗದ, ಹೊಳೆಯುವ ಬಣ್ಣ. ಕೆಳಗಿನ ಸಾಲಿನಲ್ಲಿ ಕಂದು ಬಣ್ಣಕ್ಕೆ ತಿರುಗಿದ ಕನ್ನಡ ಸಂಚಿಕೆಗಳು. ಮೇಲಿನದು ಹಣ ಕೊಟ್ಟರೆ ಸಿಗುತ್ತದೆ, ಕೆಳಗಿನದಕ್ಕೆ ಅದೃಷ್ಟ ಬೇಕು. ಹನ್ನೆರಡರಲ್ಲಿ ಮೂರು ಧಾರಾವಾಹಿಗಳಷ್ಟೇ ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ ಅವರ ಬಳಿ ಪೂರ್ತಿಯಾಗಿವೆ. ಉಳಿದವುಗಳಲ್ಲಿ ನಡುವೆ ಒಂದೆರಡು ತಿಂಗಳು, ಕೆಲವೆಡೆ ಇಡೀ ವರ್ಷವೇ ಇಲ್ಲ. ಇವು ಕನ್ನಡದಲ್ಲಿ ಪುಸ್ತಕವಾಗಿ ಬಂದದ್ದು ಇದುವರೆಗೆ ಅವರ ಕೈಗೆ ಸಿಕ್ಕಿಲ್ಲ.

ಈ ಹುಡುಕಾಟಕ್ಕೆ ಹೊಸ ಅರ್ಥ ಬಂದದ್ದು ಮೊಮ್ಮಗಳಿಂದ. ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಲಿಕೆಯನ್ನು ಕಡ್ಡಾಯಗೊಳಿಸುವ ಕಾಯ್ದೆ 2018ರಲ್ಲಿ ಬಂತು. ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿರುವ ಆಕೆಗೂ ತೆಲುಗು ಚೆನ್ನಾಗಿ ಬರುತ್ತದೆ. ಮನೆಯಲ್ಲಿ ಆಡುವುದು ಕನ್ನಡ, ಆದರೆ ಓದಲು ಬಾರದು. ಕನ್ನಡ ಶಾಲೆ ಎಂದರೆ ನಗರದ ಇನ್ನೊಂದು ತುದಿಯ ಕಾಚಿಗೂಡಕ್ಕೆ ಹೋಗಬೇಕು, ಪಟಾನ್‌ಚೆರುವಿನಿಂದ ದಿನವೂ ಅದು ಆಗದ ಮಾತು. ಈ ಕನ್ನಡ ಪುಸ್ತಕಗಳನ್ನು ನಾಳೆ ಯಾರು ಓದಬೇಕು ಎಂಬ ಚಿಂತೆ ಅಜ್ಜನನ್ನು ಕಾಡುತ್ತಿತ್ತು. ಇಷ್ಟು ಜಾಗ ಹಿಡಿಯುವ ಕಾಗದವನ್ನು ಯಾವುದಾದರೂ ಗ್ರಂಥಾಲಯಕ್ಕೆ ಕೊಟ್ಟುಬಿಡೋಣವೇ ಎಂಬ ಮಾತೂ ಮನೆಯಲ್ಲಿ ಬಂದಿತ್ತು.

ಒಂದು ರಜಾದಿನ ಆಕೆ ತೆಲುಗು ಪುಸ್ತಕವನ್ನೂ ಕನ್ನಡ ಸಂಚಿಕೆಯನ್ನೂ ಅಕ್ಕಪಕ್ಕ ತೆರೆದಿಟ್ಟುಕೊಂಡಿದ್ದಳು. ಚಿತ್ರ ಒಂದೇ, ಕಥೆ ಒಂದೇ.

“ಮುತ್ಯಾ, ಅಕ್ಷರಾನೂ ಭಾಳ ಮಟ್ಟಿಗೆ ಒಂದೇ ಅದಾವಲ್ಲ, ತಲಿಕಟ್ಟು ಅಷ್ಟೇ ಬ್ಯಾರೆ!” ಎಂದಳಂತೆ.

ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಮೂಲದಿಂದ ಕವಲೊಡೆದವು ಎಂಬುದನ್ನು ಮಗು ಮಾಂತ್ರಿಕನ ಕಥೆಯಿಂದ ಕಂಡುಕೊಂಡಿತ್ತು. ಅಂದಿನಿಂದ ಅದೇ ಅವರ ಮನೆಯ ಕನ್ನಡ ಪಾಠ. ದಿನಕ್ಕೆ ಒಂದು ಪುಟ. ತೆಲುಗಿನಲ್ಲಿ ಕಥೆ ತಿಳಿದುಕೊಂಡು, ಕನ್ನಡದಲ್ಲಿ ಅಕ್ಷರ ಗುರುತಿಸಿ ಓದುವುದು. ಕನ್ನಡದ ಸಂಚಿಕೆ ಇಲ್ಲದ ಕಡೆ ಅಜ್ಜ ತಾವೇ ತೆಲುಗಿನಿಂದ ಅನುವಾದಿಸಿ ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದಿಡುತ್ತಾರೆ. ಅಂಥ ಎರಡು ನೋಟ್‌ಬುಕ್ಕುಗಳು ತುಂಬಿವೆ. ಪುಸ್ತಕಗಳನ್ನು ಕೊಟ್ಟುಬಿಡುವ ಮಾತು ಈಗ ಆ ಮನೆಯಲ್ಲಿ ಕೇಳಿಬರುವುದಿಲ್ಲ.

‘ಚಂದಮಾಮ’ 1998ರಲ್ಲಿ ಒಮ್ಮೆ ನಿಂತು, ಮತ್ತೆ ಶುರುವಾಗಿ, 2010ರ ದಶಕದ ಮೊದಲ ವರ್ಷಗಳಲ್ಲಿ ಪೂರ್ತಿಯಾಗಿ ನಿಂತುಹೋಯಿತು. ಹೊಸ ಸಂಚಿಕೆ ಇನ್ನು ಬಾರದು. ಇರುವುದನ್ನು ಉಳಿಸಿಕೊಳ್ಳುವುದಷ್ಟೇ ಬಾಕಿ. ಹೈದರಾಬಾದ್ ಕನ್ನಡಿಗರ ಎಷ್ಟೋ ಮನೆಗಳ ಅಟ್ಟದ ಮೇಲೆ, ಊರಿನ ಹಳೆಯ ಟ್ರಂಕುಗಳಲ್ಲಿ ಇಂಥ ಸಂಚಿಕೆಗಳು ಇನ್ನೂ ಇದ್ದಾವು. ಈ ಸಲ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ರದ್ದಿಯವನನ್ನು ಕರೆಯುವ ಮುನ್ನ ಒಮ್ಮೆ ತೆರೆದು ನೋಡಿ. ಹುಳು ತಿಂದದ್ದಾದರೂ ಸರಿ, ಮುಖಪುಟ ಹೋದದ್ದಾದರೂ ಸರಿ, ನಿಮ್ಮ ಸಂಘದ ಕಚೇರಿಗೆ ತಲುಪಿಸಿ. ಯಾರದೋ ಮನೆಯಲ್ಲಿ ನಡುವೆ ನಿಂತುಹೋದ ಕಥೆಯ ಮುಂದಿನ ಕಂತು ಅದರಲ್ಲಿರಬಹುದು.