ಮರದೊಳಗಿನ ಮಳೆ ಲೆಕ್ಕ



ಮಳೆ ತಡವಾದರೆ ನಮ್ಮೂರಿನ ದೊಡ್ಡವರೆಲ್ಲ ಒಂದೇ ಮಾತು ಹೇಳುತ್ತಾರೆ. "ನಮ್ ಕಾಲದಲ್ಲಿ ಮಳ ಹಿಂಗ್ ಕೈ ಕೊಡ್ತಿರ್ಲಿಲ್ಲ ಕಣ್ ಕೂಸು" ಅಂತ ನಮ್ಮಜ್ಜಿಯೂ ಹೇಳ್ತಾರೆ. 2023ರಲ್ಲಿ ಸರ್ಕಾರ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಹಾಗಾದರೆ ಬರ ಈಗ ಬಂದ ಹೊಸ ಕಾಯಿಲೆಯೋ, ಹಿಂದೆಯೂ ಇತ್ತೋ? ಬೋರ್‌ವೆಲ್ ನಂಬಿಕೊಂಡ ಮನೆಯವರಿಗೆ ಇದು ಸುಮ್ಮನೆ ಕೇಳುವ ಪ್ರಶ್ನೆಯಲ್ಲ.

ನಮ್ಮ ದೇಶದ ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ. ಅದಕ್ಕಿಂತ ಹಿಂದೆ ಮಳೆಯನ್ನು ಅಳೆದು ಬರೆದಿಟ್ಟದ್ದು ಬಹಳ ಕಡಿಮೆ. ದೇವಸ್ಥಾನದ ಶಾಸನದಲ್ಲಿ ಯಾರು ಯಾರಿಗೆ ಭೂಮಿ ಬಿಟ್ಟರು ಅಂತ ಇರುತ್ತೆ, ಆ ವರ್ಷ ಎಷ್ಟು ಮಳೆ ಹುಯ್ತು ಅಂತ ಇರಲ್ಲ. ಆದರೆ ಮರ ಲೆಕ್ಕ ಇಟ್ಟಿದೆ.

ಎಲ್ಲಾ ಮರವೂ ಅಲ್ಲ. ನಮ್ಮ ಕಡೆಯ ಎಷ್ಟೋ ಮರಗಳಲ್ಲಿ ಉಂಗುರ ಸರಿಯಾಗಿ ಕಾಣಲ್ಲ. ತೇಗದಲ್ಲಿ ಕಾಣುತ್ತೆ. ಬೇಸಿಗೆಯಲ್ಲಿ ಬಂಡೀಪುರದ ದಾರಿಯಲ್ಲಿ ಹೋದವರು ನೋಡಿರುತ್ತೀರಿ, ತೇಗ ಎಲೆಯೆಲ್ಲ ಉದುರಿಸಿ ಸತ್ತ ಹಾಗೆ ನಿಂತಿರುತ್ತೆ. ಆಗ ಅದು ಬೆಳೆಯಲ್ಲ. ಮಳೆ ಬಿದ್ದಮೇಲೆ ಚಿಗುರಿ ಮತ್ತೆ ದಪ್ಪವಾಗುತ್ತೆ. ಆ ಹೊಸ ಬೆಳವಣಿಗೆಯ ಶುರುವಿನಲ್ಲಿ ನೀರು ಸಾಗಿಸುವ ದೊಡ್ಡ ರಂಧ್ರಗಳು ಸಾಲಾಗಿ ಬರುತ್ತವೆ. ಅದೇ ನಮಗೆ ಗೆರೆಯಾಗಿ ಕಾಣುವುದು. ವರ್ಷಕ್ಕೊಂದು ಉಂಗುರ. ಮಳೆ ಚೆನ್ನಾದ ವರ್ಷ ಅಗಲ, ಬರದ ವರ್ಷ ಕಿರಿದು. ಸಾಮಿಲ್‌ಗೆ ಹೋದಾಗ ಕುಯ್ದ ತೇಗದ ದಿಮ್ಮಿಯ ತುದಿ ನೋಡಿ.

ಇದಕ್ಕೆ ಮರ ಕಡಿಯಬೇಕಾಗಿಲ್ಲ. ಟೊಳ್ಳು ಬೈರಿಗೆಯಿಂದ ಕೊರೆದು ಪೆನ್ಸಿಲ್‌ಗಿಂತ ತೆಳುವಾದ ಕಡ್ಡಿ ತೆಗೆಯುತ್ತಾರೆ. ಒಂದೇ ಮರವನ್ನು ಮಾತ್ರ ನಂಬಬಾರದು. ಹುಳು ಎಲೆ ತಿಂದರೂ, ಪಕ್ಕದ ಮರದ ನೆರಳು ಬಿದ್ದರೂ ಉಂಗುರ ಸಣ್ಣದಾಗುತ್ತೆ. ಮಳೆ ನಡುವೆ ನಿಂತು ಮತ್ತೆ ಬಂದರೆ ಒಂದೇ ವರ್ಷದಲ್ಲಿ ಎರಡು ಉಂಗುರದಂತೆ ಕಾಣಬಹುದು. ಆದ್ದರಿಂದ ಹಲವು ಮರಗಳ ಕಡ್ಡಿಗಳನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡುತ್ತಾರೆ. ಎಲ್ಲದರಲ್ಲೂ ಅದೇ ವರ್ಷ ಸಣ್ಣಗಿದ್ದರೆ ಮಾತ್ರ ಬರ.

ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಕೇರಳದ ತೇಗದ ಮರಗಳಿಂದ 1481ರಿಂದ 2003ರವರೆಗೆ 523 ವರ್ಷದ ಲೆಕ್ಕ ತೆಗೆದು 2010ರಲ್ಲಿ ಪ್ರಕಟಿಸಿದರು. ಪೆಸಿಫಿಕ್ ಸಾಗರದ ನೀರು ಕಾಯುವುದಕ್ಕೆ ಎಲ್ ನಿನೊ ಎನ್ನುತ್ತಾರೆ, ಆಗ ನಮ್ಮ ಮುಂಗಾರು ಅನೇಕ ಸಲ ಸೋಲುತ್ತದೆ. ಅಂಥ ವರ್ಷಗಳ ಗುರುತು ಆ ಉಂಗುರಗಳಲ್ಲಿ ಸಿಕ್ಕಿತು. ಅದೇ ವರ್ಷ ಏಷ್ಯಾದ 300ಕ್ಕೂ ಹೆಚ್ಚು ಕಡೆಯ ಮರಗಳ ಉಂಗುರ ಸೇರಿಸಿ ಬರಗಳ ನಕ್ಷೆಯೂ ಬಂತು. ಅದರಲ್ಲಿ 1876-78ರ ಬರ ಎದ್ದು ಕಾಣುತ್ತದೆ. ನಮ್ಮ ಕಡೆ ಅದಕ್ಕೆ ಧಾತು ಈಶ್ವರ ಸಂವತ್ಸರದ ಬರ ಎಂದು ಹೆಸರು. ಮೈಸೂರು ಸಂಸ್ಥಾನದಲ್ಲಿ ಸುಮಾರು ಐದರಲ್ಲೊಂದು ಪಾಲು ಜನ ಆಗ ಸತ್ತರು. ಅಂದರೆ ನಮ್ಮಜ್ಜಿ ಹುಟ್ಟುವ ಮೊದಲೂ ಬರ ಇತ್ತು, ಈಗಿನದಕ್ಕಿಂತ ಘೋರವಾದದ್ದೇ ಇತ್ತು.

ಆದರೆ ಕೇರಳದ ಲೆಕ್ಕವನ್ನು ಹಾಗೇ ತಂದು ಹರದನಹಳ್ಳಿಗೆ ಹಾಕುವುದು ಸರಿಯಲ್ಲ ಅಂತ ನನಗನ್ನಿಸುತ್ತೆ. ಅಲ್ಲಿ ಜೂನ್, ಜುಲೈ ಮಳೆ ದೊಡ್ಡದು. ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆ ಬಂದರೇನೇ ಕೆರೆಗೆ ನೀರು.

ಅಂಟಾರ್ಕ್ಟಿಕಾದಲ್ಲಿ ಇದೇ ಕೆಲಸಕ್ಕೆ ಮಂಜುಗಡ್ಡೆ ಕೊರೆಯುತ್ತಾರೆ. ಒಳಗೆ ಸಿಕ್ಕಿಕೊಂಡ ಗುಳ್ಳೆಗಳಲ್ಲಿ 8 ಲಕ್ಷ ವರ್ಷ ಹಿಂದಿನವರೆಗಿನ ಗಾಳಿ ಇದೆ. ಅಷ್ಟು ಕಾಲದಲ್ಲಿ ಗಾಳಿಯಲ್ಲಿ ಈಗಿನಷ್ಟು ಇಂಗಾಲದ ಡೈಆಕ್ಸೈಡ್ ಯಾವತ್ತೂ ಇರಲಿಲ್ಲ. ಬರ ಹಳೆಯದು, ಈ ಹೊಗೆ ಮಾತ್ರ ಹೊಸದು.

ನಮಗೆ ಹತ್ತಿರದ ದಾಖಲೆ ಇನ್ನೊಂದಿದೆ. ಬಂಡೀಪುರ ದಾಟಿದರೆ ನೀಲಗಿರಿ. ಅಲ್ಲಿನ ಜೌಗು ತಗ್ಗುಗಳಲ್ಲಿ ಹುಲ್ಲು ಸೊಪ್ಪು ಪೂರ್ತಿ ಕೊಳೆಯದೆ ಪದರ ಪದರವಾಗಿ ಕಪ್ಪು ಮಣ್ಣಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಜೊತೆಯವರು ಅದನ್ನು ಪರೀಕ್ಷಿಸಿ 1993ರಲ್ಲಿ ಬರೆದರು. ರಾಗಿ, ಜೋಳ, ಕಬ್ಬಿನ ಜಾತಿಯ ಹುಲ್ಲುಗಳಲ್ಲಿ ಭಾರದ ಕಾರ್ಬನ್ ಸ್ವಲ್ಪ ಹೆಚ್ಚು, ಭತ್ತ ಮತ್ತು ಕಾಡುಮರಗಳಲ್ಲಿ ಕಡಿಮೆ. ಮೊದಲನೆಯ ಗುಂಪು ಒಣಹವೆಗೆ ಹೆಚ್ಚು ತಡೆದುಕೊಳ್ಳುತ್ತದೆ. ಯಾವ ಪದರದಲ್ಲಿ ಯಾವುದು ಜಾಸ್ತಿ ಎಂದು ನೋಡಿದರೆ ಆಗಿನ ಹವೆ ತಿಳಿಯುತ್ತೆ. ಹೀಗೆ 20,000 ವರ್ಷದ ಹಿಂದಿನವರೆಗೆ ಹೋದರು. ಊಟಿಗೆ ಪ್ರವಾಸ ಹೋದ ನಮ್ಮವರು ಯಾರೂ ಆ ಮಣ್ಣು ನೋಡಿರಲ್ಲ, ಎಲ್ಲರೂ ಬೋಟಿಂಗ್‌ಗೆ ಓಡಿರ್ತಾರೆ.